ಬಣ್ಣ ನೋಡಿ ದೋಣಿ ಕೊಳ್ಳಬೇಡಿ

ಸೆಕೆಂಡ್ ಹ್ಯಾಂಡ್ ಸರಣಿ. ಈ ವಾರ: ಟ್ರೇಲರ್ ಸಮೇತ ಬರೋ ಮರದ ಹಾಯಿದೋಣಿ ⛵

1/5
ಆವಣಿ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡದೆ ನಾವ್ಯಾರೂ ದುಡ್ಡು ಬಿಚ್ಚಲ್ಲ. ಬೋರ್‌ವೆಲ್ ಕೊರೆಸೋಕೆ ಮುಂಚೆ ಪಾಯಿಂಟ್ ನೋಡಿಸ್ತೀವಿ. ಅದೇ ನಾವು ಫೋನಲ್ಲಿ ನಾಲ್ಕು ಫೋಟೋ ನೋಡಿ, ಹೊಳೆಯೋ ವಾರ್ನಿಷ್‌ಗೆ ಮರುಳಾಗಿ, ಹಳೇ ದೋಣಿಗೆ ಅಡ್ವಾನ್ಸ್ ಹಾಕೋಕೆ ರೆಡಿ! ನನ್ನ ಅಭಿಪ್ರಾಯ ಇಷ್ಟೇ: ಮೊದಲು ನೀರು ನೋಡಿ, ಆಮೇಲೆ ಮರ, ಆಮೇಲೆ ಟ್ರೇಲರ್. ಬಣ್ಣ ಕೊನೆಗೆ.

2/5 ನೀರು
ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ: ನಮ್ಮ ಕಡೆ ವರ್ಷವಿಡೀ ಹರಿಯೋ ನದಿ ಇಲ್ಲ. "ಈಗ ಕೆರೆ ತುಂಬಿದೆಯಲ್ಲ" ಅಂತೀರಿ. ನಿಜ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆಸಿ ವ್ಯಾಲಿ ನೀರು ಬಂತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅನ್ನೋದು ಆ ಯೋಜನೆಯ ಲೆಕ್ಕ. ಆದರೆ ಅದು ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು. ಅಂತರ್ಜಲ ಏರಲಿ ಅಂತ ಬಿಟ್ಟಿದ್ದು, ನಾವು ಮುಳುಗಿ ಏಳಲಿ ಅಂತಲ್ಲ. ಚಿಕ್ಕ ಹಾಯಿದೋಣಿ ಗಾಳಿಗೆ ಮಗುಚೋದು ಮಾಮೂಲಿ. ಮಗುಚಿದ್ರೆ ಆ ನೀರು ಬಾಯಿಗೇ.

ಇನ್ನೊಂದು ಅಪಾಯ: ಕೆರೆ ಬತ್ತಿದ್ದ ವರ್ಷಗಳಲ್ಲಿ ಅಂಗಳದಲ್ಲಿ ಬೆಳೆದ ಜಾಲಿ ಈಗ ನೀರಿನಡಿ ನಿಂತಿರಬಹುದು. ಮೇಲೆ ಮೀನು ಗುತ್ತಿಗೆ ಹಿಡಿದವರ ಬಲೆ. ಅದು ಅವರ ಹೊಟ್ಟೆಪಾಡು, ನಮ್ಮ ಶೋಕಿಗೆ ಹರಿಯಬಾರದು.

ಹಾಗಾಗಿ ಊರ ಕೆರೆ ನಂಬ್ಕೊಂಡು ಹಾಯಿದೋಣಿ ಕೊಳ್ಳಬೇಡಿ. ಟ್ರೇಲರ್ ಇರೋ ದೋಣಿಯ ಲಾಭವೇ ಬೇರೆ: ನೀರಿದ್ದ ಕಡೆ ಎಳ್ಕೊಂಡು ಹೋಗಬಹುದು. ಚೆನ್ನೈ ಬಂದರಿನಲ್ಲಿ ರಾಯಲ್ ಮದ್ರಾಸ್ ಯಾಟ್ ಕ್ಲಬ್ 1911ರಿಂದ ಇದೆ. ಇಂಥ ಕಡೆ ಮೊದಲು ಹಾಯಿ ಕಟ್ಟೋದು ಕಲಿಯಿರಿ. ನಿಮ್ಮ ದೋಣಿ ಇಳಿಸೋಕೆ ಜಾಗ ಕೊಡ್ತಾರಾ, ವರ್ಷಕ್ಕೆ ಎಷ್ಟು ಖರ್ಚು ಅಂತ ಕೇಳಿ. ಉತ್ತರ ಸಿಕ್ಕಿದ ಮೇಲೆ ದೋಣಿ ಹುಡುಕಿ.

3/5 ಮರ
ಫೋಟೋದಲ್ಲಿ ವಾಸನೆ ಬರಲ್ಲ. ಕೊಳೆತ ಮರಕ್ಕೆ ಮುಗ್ಗಲು ವಾಸನೆ ಇರತ್ತೆ, ಅದಕ್ಕೇ ಖುದ್ದಾಗಿ ಹೋಗಬೇಕು. ಎಂಟರ್‌ಪ್ರೈಸ್ (1956ರ ವಿನ್ಯಾಸ, ಸುಮಾರು 4 ಮೀಟರ್), ಮಿರರ್ (3.3 ಮೀಟರ್) ತರದ ಹಳೇ ದೋಣಿಗಳು ಪ್ಲೈವುಡ್‌ನವು. ಬೆರಳ ಗೆಣ್ಣಿಂದ ತಟ್ಟಿ: ಟಣ್ ಅಂದ್ರೆ ಸರಿ, ಬೊದ್ ಅಂದ್ರೆ ಪದರ ಬಿಟ್ಟಿದೆ. ಮಾಲೀಕರ ಒಪ್ಪಿಗೆ ತಗೊಂಡು ಸ್ಕ್ರೂಡ್ರೈವರ್ ತುದಿ ಮೆಲ್ಲಗೆ ಒತ್ತಿ. ಹಿಂಬದಿ ಹಲಗೆ, ನಡುವೆ ಇಳಿಬಿಡೋ ಹಲಗೆಯ ಗೂಡು, ಹಾಯಿಕಂಬದ ಬುಡ, ನೀರು ನಿಲ್ಲೋ ಮೂಲೆ, ಈ ನಾಲ್ಕು ಕಡೆ ಬಿಡಲೇಬೇಡಿ. ಮರಕ್ಕೆ ಸಮುದ್ರದ ಉಪ್ಪುನೀರಿಗಿಂತ ಒಳಗೆ ನಿಂತ ಮಳೆನೀರೇ ದೊಡ್ಡ ಶತ್ರು.

ರಿಪೇರಿ ಆಗಿದ್ರೆ ಯಾವ ಮರ ಹಾಕಿದ್ರು ಅಂತ ಕೇಳಿ. ಶ್ರೀನಿವಾಸಪುರದ ಮಾವು ತಿನ್ನೋಕೆ ಅಮೃತ. ಆದರೆ ಮಾವಿನ ಮರ ಪೆಟ್ಟಿಗೆಗೆ ಸರಿ, ದೋಣಿಗಲ್ಲ, ಬೇಗ ಕೊಳೆಯತ್ತೆ. ಪ್ಲೈವುಡ್ ಆದ್ರೆ ಐಎಸ್ 710 ಮುದ್ರೆಯ ಮರೀನ್ ಪ್ಲೈ. ಹೊಸದಾಗಿ ದಪ್ಪ ಪೇಂಟ್ ಬಳಿದಿದ್ರೆ ಖುಷಿ ಪಡಬೇಡಿ, ಯಾಕೆ ಬಳಿದ್ರು ಅಂತ ಕೇಳಿ.

4/5 ಟ್ರೇಲರ್
ದೋಣಿ ಚೆನ್ನಾಗಿದ್ದು ಟ್ರೇಲರ್ ಕೆಟ್ಟಿದ್ರೆ ಹೈವೇಲಿ ಹೋಗೋದು ಬೇರೆಯವರ ಪ್ರಾಣ. ಚಕ್ರ ಎತ್ತಿ ತಿರುಗಿಸಿ, ಬೇರಿಂಗ್ ಗರಗರ ಅನ್ನಬಾರದು. ಟೈರಿನ ಪಕ್ಕದ ನಾಲ್ಕಂಕಿ ಓದಿ: 2316 ಅಂದ್ರೆ 2016ರ 23ನೇ ವಾರದ್ದು. ಟ್ರೇಲರ್‌ಗೂ ಆರ್‌ಸಿ ಬೇಕು. ಕಾಗದ ಇಲ್ಲದಿದ್ರೆ "ಆಮೇಲೆ ಮಾಡಿಸ್ಕೊಳ್ಳಿ" ಅನ್ನೋ ಮಾತಿಗೆ ತಲೆ ಆಡಿಸಬೇಡಿ.

5/5 ಹಾಗಾದ್ರೆ ಕೊಳ್ಳೋದೇ ಬೇಡ್ವಾ?
ಕೊಳ್ಳಿ. ಮರದ ದೋಣಿಗೆ ಒಂದು ದೊಡ್ಡ ಗುಣ ಇದೆ, ಕೈ ಪಳಗಿದ ಬಡಗಿಯ ಹತ್ರ ಸರಿ ಮಾಡಿಸಬಹುದು. ಆದರೆ ವರ್ಷಾ ವರ್ಷ ಉಜ್ಜಬೇಕು, ವಾರ್ನಿಷ್ ಹಚ್ಚಬೇಕು, ಗಾಳಿಯಾಡೋ ನೆರಳಲ್ಲಿ ಮಗುಚಿ ಇಡಬೇಕು. ನೆಲಕ್ಕೆ ತಾಗಿಸಿದ್ರೆ ನಮ್ಮ ಕೆಮ್ಮಣ್ಣಿನ ಗೆದ್ದಲು ಸುಮ್ನೆ ಬಿಡಲ್ಲ. ದೋಣಿಯ ರೇಟು ಮೊದಲ ಕಂತು ಮಾತ್ರ, ಉಳಿದದ್ದು ನಿಮ್ಮ ಭಾನುವಾರಗಳು. ಅದನ್ನ ಕೊಡೋಕೆ ಮನಸ್ಸಿಲ್ಲದಿದ್ರೆ ಅಗ್ಗದ ದೋಣಿನೂ ದುಬಾರಿನೇ.

ನೋಡೋಕೆ ಹೋಗುವಾಗ ಒಬ್ಬ ಬಡಗಿಯನ್ನ ದಿನಗೂಲಿ ಕೊಟ್ಟು ಕರ್ಕೊಂಡು ಹೋಗಿ. ಅವರು ಬೇಡ ಅಂದ್ರೆ ವಾಪಸ್ ಬನ್ನಿ. ಡೀಸೆಲ್ ದುಡ್ಡು, ಒಂದು ದಿನದ ಕೂಲಿ ಹೋಯ್ತು, ಅಷ್ಟೇ.

ದೋಣಿ ಹುಡುಕ್ತಿರೋ ಸ್ನೇಹಿತರಿಗೆ ಇದನ್ನ ಕಳಿಸಿ 🙏

#ಕೋಲಾರ #ಮಾಲೂರು #ಮುಳಬಾಗಿಲು #ಶ್ರೀನಿವಾಸಪುರ #ಹಾಯಿದೋಣಿ