ಕೊಬ್ಬಿನ ದೂತರು

ಕೊಬ್ಬು ಎಂದೊಡನೆ ನಮಗೆ ನೆನಪಾಗುವುವು ಎರಡೇ: ತುಪ್ಪದ ಭರಣಿ, ಇಲ್ಲವೆ ವೈದ್ಯರ ಎಚ್ಚರಿಕೆ. ಅದು ದೇಹದ ಉರುವಲು, ಮಿತಿಮೀರಿದರೆ ಹಗೆ. ಈ ತಿಳಿವಳಿಕೆ ಸುಳ್ಳಲ್ಲ, ಆದರೆ ಅರ್ಧಮಾತ್ರದ್ದು. ಜೀವಕೋಶದಲ್ಲಿ ಕೆಲವು ಕೊಬ್ಬಿನ ಅಣುಗಳು ಸುದ್ದಿ ಸಾಗಿಸುವ ದೂತರೂ ಆಗಿವೆ. ಆ ಸುದ್ದಿಯನ್ನು ಹುಟ್ಟಿಸುವುದು ಎಷ್ಟು ಮುಖ್ಯವೋ, ಹೊತ್ತಿಗೆ ಸರಿಯಾಗಿ ಅಳಿಸುವುದೂ ಅಷ್ಟೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ವಿಷಯದಲ್ಲಿ ಕುತೂಹಲ ಮೂಡಿದುದು ಒಂದು ವಿಕಿರಣಶೀಲ ಪರಮಾಣುವಿನ ದೆಸೆಯಿಂದ. 1953ರಲ್ಲಿ ಮೇಬಲ್ ಹೋಕಿನ್ ಮತ್ತು ಲೊವೆಲ್ ಹೋಕಿನ್ ದಂಪತಿಗಳು ಪಾರಿವಾಳದ ಮೇದೋಜೀರಕಾಂಗದ ತೆಳುವಾದ ಚೂರುಗಳನ್ನು ವಿಕಿರಣಶೀಲ ರಂಜಕವಿದ್ದ ದ್ರಾವಣದಲ್ಲಿರಿಸಿ, ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲೀನನ್ನು ಸೇರಿಸಿದರು. ಆಗ ಕೋಶಗಳ ಫಾಸ್ಫೋಲಿಪಿಡ್ ಎಂಬ ಕೊಬ್ಬಿನೊಳಕ್ಕೆ ರಂಜಕವು ಮೊದಲಿಗಿಂತ ವೇಗವಾಗಿ ಸೇರತೊಡಗಿತು. ಬರಿಯ ಗೋಡೆಯ ಇಟ್ಟಿಗೆಯೆಂದು ಬಗೆದಿದ್ದ ವಸ್ತು ಹೊರಗಿನ ಕರೆಗೆ ಓಗೊಟ್ಟಿತ್ತು!

ಈ ಕರೆ ಹೇಗೆ ನಡೆಯುವುದೆಂಬುದಕ್ಕೆ ಇನ್ಸುಲಿನ್ನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದು ಸ್ನಾಯುಕೋಶದ ಹೊರಬಾಗಿಲಲ್ಲಿ ನಿಂತು ಕದ ತಟ್ಟುತ್ತದೆ. ಕೂಡಲೇ ಪೊರೆಯ ಒಳಮೈಯಲ್ಲಿ ಒಂದು ಕಿಣ್ವವು, ತಲೆಯ ಉಂಗುರದಲ್ಲಿ ಎರಡು ಫಾಸ್ಫೇಟುಗಳನ್ನು ಹೊತ್ತ ಕೊಬ್ಬಿನ ಅಣುವಿಗೆ ಮೂರನೆಯದನ್ನು ಕೂಡಿಸುತ್ತದೆ. ಈ ಮೂರನೆಯ ಫಾಸ್ಫೇಟೇ ಸಂದೇಶ. ಅದನ್ನು ಗುರುತಿಸಿದ ಪ್ರೋಟೀನುಗಳು ಅಲ್ಲಿ ಬಂದು ನೆರೆಯುವುವು. ಗ್ಲೂಕೋಸಿನ ಬಾಗಿಲುಗಳು ಪೊರೆಯನ್ನು ಸೇರುವುವು. ಕೋಶಕ್ಕೆ ಬೆಳೆಯಲು ಅಪ್ಪಣೆ ದೊರೆಯುವುದೂ ಇದೇ ಮಾರ್ಗದಲ್ಲಿ.

ಕರೆಗಂಟೆಯ ಗುಂಡಿಯನ್ನು ಒತ್ತಿದ ಬೆರಳು ಮೇಲೇಳಬೇಕಷ್ಟೆ? ಆ ಕೆಲಸವನ್ನು ಮಾಡುವುದು ಪಿ-ಟೆನ್ ಎಂಬ ಇನ್ನೊಂದು ಕಿಣ್ವ. ಅದು ಮೂರನೆಯ ಫಾಸ್ಫೇಟನ್ನು ಕಿತ್ತು ಸಂದೇಶವನ್ನು ಅಳಿಸುತ್ತದೆ. ಇದರ ಜೀನನ್ನು 1997ರಲ್ಲಿ ಗುರುತಿಸಿದರು. ಮರುವರ್ಷವೇ ಅದರ ಕೆಲಸವೂ ತಿಳಿಯಿತು. ಮಿದುಳು, ಗರ್ಭಕೋಶ, ಪ್ರಾಸ್ಟೇಟ್ ಗ್ರಂಥಿಗಳ ಅನೇಕ ಗಡ್ಡೆಗಳಲ್ಲಿ ಈ ಜೀನು ಕೆಟ್ಟಿರುವುದು ಅಥವಾ ಇಲ್ಲವಾಗಿರುವುದು ಕಂಡುಬಂದಿದೆ. ಅಲ್ಲಿ ಗಂಟೆಯ ಗುಂಡಿ ಸಿಕ್ಕಿಕೊಂಡಿದೆ. ಬೆಳೆಯೆಂಬ ಅಪ್ಪಣೆ ನಿಲ್ಲುವುದೇ ಇಲ್ಲ. ಎರಡನೆಯ ಬಗೆಯ ಮಧುಮೇಹದಲ್ಲಾದರೋ ಇದಕ್ಕೆ ವಿರುದ್ಧ: ಇನ್ಸುಲಿನ್ ಕದ ತಟ್ಟಿದರೂ ಒಳಗೆ ಸದ್ದು ಕ್ಷೀಣ.

ಹಾಗಾದರೆ ಸಂದೇಶವನ್ನು ಬರೆಯುವ ಕಿಣ್ವವನ್ನೇ ತಡೆದುಬಿಟ್ಟರಾಗದೆ? ಅಂತಹ ಔಷಧವೂ ಉಂಟು. ಆಲ್ಪೆಲಿಸಿಬ್ ಎಂಬುದಕ್ಕೆ ಕೆಲವು ಬಗೆಯ ಸ್ತನದ ಕ್ಯಾನ್ಸರಿನ ಚಿಕಿತ್ಸೆಗಾಗಿ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಅದನ್ನು ಸೇವಿಸುವ ರೋಗಿಗಳಲ್ಲಿ ಅನೇಕರಿಗೆ ರಕ್ತದ ಸಕ್ಕರೆ ಏರುತ್ತದೆ. ಗಡ್ಡೆಯನ್ನು ಬೆಳೆಸುವ ಸಂದೇಶವೂ ಸಕ್ಕರೆಗೆ ಬಾಗಿಲು ತೆರೆಯುವ ಸಂದೇಶವೂ ಒಂದೇ ಆಗಿರುವಾಗ ಬೇರೇನು ನಿರೀಕ್ಷಿಸಲಾದೀತು?

ಇದನ್ನು ಓದಿ ಯಾರೂ ತುಪ್ಪದ ಮಿಳ್ಳೆಗೆ ಕೈಹಾಕಬೇಕಾಗಿಲ್ಲ. ಈ ದೂತರನ್ನು ಕೋಶವು ತನ್ನ ಅಗತ್ಯಕ್ಕೆ ತಕ್ಕಂತೆ ತಾನೇ ರೂಪಿಸಿಕೊಳ್ಳುತ್ತದೆ. ನಾವು ಹೇಳಬಯಸುವುದು ಇಷ್ಟೆ: ಒಂದು ವಸ್ತು ಒಳ್ಳೆಯದೋ ಕೆಟ್ಟದೋ ಎಂದು ಕೇಳುವುದು ಜಾಹೀರಾತಿನ ರೀತಿ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂದು ಕೇಳುವುದು ವಿಜ್ಞಾನದ ರೀತಿ. ನಮ್ಮ ತರಗತಿಗಳಲ್ಲಿ ಕೊಬ್ಬಿನ ಪಾಠವು ಕ್ಯಾಲೊರಿಯ ಲೆಕ್ಕಕ್ಕೆ ಮುಗಿಯದೆ, ಈ ಮೂರು ಪ್ರಶ್ನೆಗಳಿಗೂ ಅಲ್ಲಿ ಎಡೆ ದೊರೆಯಲಿ. ಸಕ್ಕರೆಯ ಕಾಯಿಲೆಯವರು ಮನೆಮನೆಯಲ್ಲಿಯೂ ಇರುವ ಈ ಕಾಲದಲ್ಲಿ, ಅದು ಪರೀಕ್ಷೆಗಾಗಿ ಮಾತ್ರ ಕಲಿಯುವ ವಿಷಯವಲ್ಲ.