ಅವ್ವನ ಪುತಳಿ ಸರ

ಕಾರಕೂನನ ಕೈಗೆ ಬಂಗಾರ ಬರುವುದು ಅಪರೂಪ. ಬಂದರೂ ಹಿಂದೆಯೇ ಒಂದು ಲೆಕ್ಕ ಬರುತ್ತದೆ. ಕಳೆದ ವರುಷ ತೀರಿಕೊಂಡ ನಮ್ಮ ಅವ್ವನ ಪುತಳಿ ಸರವನ್ನು ಅಕ್ಕ, ತಮ್ಮ, ನಾವು ಮೂವರೂ ಸಮನಾಗಿ ಹಂಚಿಕೊಳ್ಳುವುದೆಂದು ಮಾತಾಗಿತ್ತು. ಹದಿನೆಂಟು ಪುತಳಿ, ತಲೆಗೆ ಆರು. ಇಷ್ಟು ಸುಲಭದ ಭಾಗಾಕಾರ ನಮ್ಮ ಕಚೇರಿಯಲ್ಲಿ ಸಹ ಸಿಕ್ಕುವುದಿಲ್ಲ.

ತೂಕ ಮಾಡಿಸಲು ಡೊಂಬಿವಲಿಯ ಒಬ್ಬ ಮುದಿ ಸೋನಾರನಲ್ಲಿಗೆ ಒಯ್ದೆವು. ಆತ ಒಂದೊಂದನ್ನೇ ಭೂತಗನ್ನಡಿಯಲ್ಲಿ ನೋಡುತ್ತ ಬಂದು, ಒಂದರ ಮೇಲೆ ಬೆರಳಿಟ್ಟು, "ಉಳಿದವು ನಮ್ಮವರು ಮಾಡಿದ್ದು ಸಾಹೇಬ, ಇದೊಂದು ಹಡಗಿನಲ್ಲಿ ಬಂದದ್ದು" ಎಂದ.

ಪುತಳಿ ಎಂದರೆ ಬೊಂಬೆ. ಅದರ ಮೇಲಿನ ಎರಡು ಬೊಂಬೆಗಳನ್ನು ಅವ್ವ ರಾಮ-ಸೀತೆ ಎನ್ನುತ್ತಿದ್ದಳು. ಬಿ.ಎ. ಮಾಡಿದ ಗರ್ವದಲ್ಲಿ ನಾವು, ಯಾವನೋ ಯುರೋಪಿನ ಅರಸ-ಅರಸಿ ಎಂದು ತಿದ್ದಿದ್ದೆವು. ತಾಯಿ ಮಗ ಇಬ್ಬರದೂ ತಪ್ಪು. ನಿಂತವನು ಸಂತ ಮಾರ್ಕ. ಎದುರಿಗೆ ಮೊಣಕಾಲೂರಿದವನು ವೆನಿಸ್ಸಿನ ಡೋಜ್. ಅವನು ಅರಸನೂ ಅಲ್ಲ, ಆಯ್ಕೆಯಾಗಿ ಬಂದ ಮುಖಂಡ. ಹಿಂಬದಿಗೆ ನಕ್ಷತ್ರಗಳ ನಡುವೆ ಕ್ರಿಸ್ತ. 1284ರಲ್ಲಿ ಮೊದಲು ಅಚ್ಚಾದ ಈ ಡುಕಾಟ್ ನಾಣ್ಯ, 1797ರಲ್ಲಿ ನೆಪೋಲಿಯನ್ ಆ ಗಣರಾಜ್ಯವನ್ನು ಮುಗಿಸುವ ತನಕ ಹೆಚ್ಚುಕಡಿಮೆ ಅದೇ ಚಿತ್ರ, ಅದೇ ಮೂರೂವರೆ ಗ್ರಾಮು, ಅದೇ ಅಪ್ಪಟ ಬಂಗಾರವಾಗಿ ನಡೆಯಿತು. ಮೆಣಸು ಮಸಾಲೆಯ ವ್ಯಾಪಾರದಲ್ಲಿ ನಮ್ಮ ಕರಾವಳಿಗೂ ಬಂತು. ಜನ ನಂಬಿದರು, ಕೊರಳಿಗೆ ಕಟ್ಟಿದರು. ಆಮೇಲೆ ನಮ್ಮ ಅಕ್ಕಸಾಲಿಗಳೇ ಅಂಥವನ್ನು ಮಾಡತೊಡಗಿದರು. ಓದಲು ಬಾರದ ಲ್ಯಾಟಿನ್ ಅಕ್ಷರಗಳು ಅವರ ಕೈಯಲ್ಲಿ ಬರೀ ಗೀಟು-ಚುಕ್ಕೆಗಳಾದವು. ಸೋನಾರ ತೋರಿಸಿದ್ದರಲ್ಲಿ ಮಾತ್ರ 'ಮಾನಿನ್' ಎಂಬ ಹೆಸರು ಸ್ಪಷ್ಟವಾಗಿತ್ತು. 1789ರಲ್ಲಿ ಪಟ್ಟಕ್ಕೆ ಬಂದ ಲುಡೊವಿಕೊ ಮಾನಿನ್, ಕೊನೆಯ ಡೋಜ್.

ಕರಗಿಸಿದರೆ ಎಲ್ಲಕ್ಕೂ ತೂಕದ ಬೆಲೆಯೇ. ನಾಣ್ಯ ಕೂಡಿಸುವವರು ಆ ಒಂದಕ್ಕೆ ಹೆಚ್ಚು ಕೊಟ್ಟಾರು ಎಂದ ಸೋನಾರ. ಕಲ್ಯಾಣಕ್ಕೆ ಮರಳುವ ಲೋಕಲ್ಲಿನಲ್ಲಿ, ಠಾಕುರ್ಲಿ ಬರುವ ಮುನ್ನವೇ, ಆ ಒಂದು ನಮ್ಮ ಆರರಲ್ಲಿ ಸೇರಿಹೋಗಿತ್ತು! ವಾಚಕರು ಕ್ಷಮಿಸಬೇಕು. ಅಕ್ಕನಿಗಾಗಲಿ ತಮ್ಮನಿಗಾಗಲಿ ಇದು ತಿಳಿಯುವ ಸಂಭವವೇ ಇರಲಿಲ್ಲ. ಮೂರು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ ಎಂಬುದನ್ನೂ ಬರೆದುಬಿಡುತ್ತೇವೆ.

ನಾಲ್ಕನೆಯ ದಿನ ವಾಶಿಯಲ್ಲಿರುವ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆವು. ಆಕೆ ತುಸು ಹೊತ್ತು ಸುಮ್ಮನಿದ್ದಳು.

"ಅದನ್ನ ನೀನ ಇಟ್ಕೊ. ನನಗ ಪದಕದ ಎಡಕ್ಕಿರೋದು ಕೊಡು. ಅವ್ವ ಮಾತಾಡುವಾಗ ಬೆರಳಿನ್ಯಾಗ ತಿರುವತಿದ್ದಳಲ್ಲ, ಅದು."

ತೆಗೆದು ನೋಡಿದೆವು. ನಕಲಿಯೇ. ಎರಡೂ ಬೊಂಬೆಗಳ ಮುಖ ಪೂರ್ತಿ ಸವೆದಿತ್ತು.

ತಮ್ಮನಿಗೂ ತಿಳಿಸಿದ್ದೇವೆ. ಆತನ ಉತ್ತರ ಇನ್ನೂ ಬಂದಿಲ್ಲ. ಸರ ಪೋಣಿಸಿದ ಹಾಗೆಯೇ ಇದೆ.