ಕೆರೆ ಸರಣಿ 4: ಏರಿ ಮೇಲೆ ನಿಂತ್ರೆ ಕೆರೆ ನೋಡಿದ ಹಾಗಾ?

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಪೂರ್ತಿ ಸುತ್ತು ಸುಮಾರು 5 ಕಿಲೋಮೀಟರ್. ಸಮತಟ್ಟು ದಾರಿ, ಮರದ ನೆರಳು. ಆರಾಮಾಗಿ ನಡೆದ್ರೂ ಒಂದೂಕಾಲು ಗಂಟೆ ಸಾಕು. ಆದ್ರೂ ನಾವು ಮಾಡೋದೇನು? ಏರಿ ಮೇಲೆ ನಿಂತು ನಾಲ್ಕು ಫೋಟೋ, ಒಂದು ಸ್ಟೋರಿ, ಆಮೇಲೆ ಗೋಬಿ ತಿನ್ನೋಕೆ ವಾಪಸ್. "ಕೆರೆಗೆ ಹೋಗಿದ್ದೆ" ಅಂತ ಬೇರೆ!

ನೋಡಿದ್ದು ಒಂದು ಅಂಚು ಅಷ್ಟೇ ಕಣ್ರೋ.

ಇದು ತಾನಾಗಿ ಹುಟ್ಟಿದ ಕೆರೆ ಅಲ್ಲ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲು ಕಟ್ಟಿಸಿದ್ದು. ಕಟ್ಟಿದ ಕೆರೆಗೆ ನೀರು ಬರೋ ದಾರಿ ಸರಿಯಿದ್ರೇನೇ ಜೀವ. ಏರಿ ಕಡೆ ಎಲ್ಲಾ ಚೆಂದ ಕಾಣುತ್ತೆ. ಕೆರೆ ಕೆಡೋಕೆ ಶುರುವಾಗೋದು ನೀರು ಒಳಗೆ ಬರೋ ಕಡೆಯಿಂದ. ಮಳೆನೀರಿನ ಬದಲು ಚರಂಡಿ ನೀರು ನುಗ್ಗಿದ್ರೆ ಅಲ್ಲಿ ನಡೆದವರ ಮೂಗಿಗೆ ಗೊತ್ತಾಗುತ್ತೆ. ಫಿಲ್ಟರ್ ಹಾಕಿದ ಫೋಟೋಗೆ ವಾಸನೆ ಎಲ್ಲಿಂದ ಬರ್ಬೇಕು? ಹೆಜ್ಜಾರ್ಲೆಗಳು ಬಂದು ಇಳಿಯೋ ಕೆರೆ ಇದು. ಅವಕ್ಕೆ ಬೇಕಿರೋದು ಮೀನು. ನಮ್ಮ ಲೈಕ್ ತಗೊಂಡು ಏನ್ ಮಾಡ್ತಾವೆ?

"ಕೆರೆ ಉಳಿಸಿ" ಅಂತ ಹ್ಯಾಶ್‌ಟ್ಯಾಗ್ ಹಾಕೋ ಮುಂಚೆ ಒಂದು ಪೂರ್ತಿ ಸುತ್ತು ಹಾಕಿ. ಈ ಭಾನುವಾರ ಬೆಳಿಗ್ಗೆ, ಇಯರ್‌ಫೋನ್ ಇಲ್ದೆ. ನಾಳೆ ಏನಾದ್ರೂ ಕೆಟ್ಟರೆ ಕೇಳೋಕೆ, ಇವತ್ತು ಹೇಗಿದೆ ಅಂತ ನಮಗೆ ಗೊತ್ತಿರಬೇಕಲ್ವಾ?